ನೆಲ ಮುಳುಗಿದರೆ ರಾಷ್ಟ್ರ ಮುಳುಗೀತೆ?

ಜಪಾನಿನ ಕಾದಂಬರಿಕಾರ ಸಾಕ್ಯೋ ಕೊಮಾತ್ಸು ಅವರ ‘ನಿಹೊನ್ ಚಿಂಬೊತ್ಸು’, ಅಂದರೆ ‘ಜಪಾನಿನ ಮುಳುಗಡೆ’, 1973ರಲ್ಲಿ ಪ್ರಕಟವಾಗಿ ಲಕ್ಷಗಟ್ಟಲೆ ಪ್ರತಿಗಳು ಮಾರಾಟವಾದವು. ಅದೇ ವರ್ಷ ಚಲನಚಿತ್ರವೂ ಬಂತು. 1976ರಲ್ಲಿ ಸಂಕ್ಷಿಪ್ತ ಇಂಗ್ಲಿಷ್ ಅನುವಾದ ಹೊರಬಿತ್ತು. ಭೂಕಂಪ, ಜ್ವಾಲಾಮುಖಿಗಳ ಹೊಡೆತಕ್ಕೆ ಇಡೀ ದ್ವೀಪಸಮೂಹವೇ ಕಡಲ ಪಾಲಾಗುವ ಕಥೆ ಇದು. ಇಂಥದು ನಡೆಯಬಲ್ಲುದೆ?

ಭೂವಿಜ್ಞಾನವನ್ನು ಕೇಳಿದರೆ, ಇಲ್ಲ. ಸಾಗರತಳದ ಫಲಕವು ಜಪಾನಿನ ಅಡಿಗೆ ಸರಿಯುತ್ತಿರುವುದು ನಿಜ. ಆದರೆ ವರ್ಷಕ್ಕೆ ಕೆಲವೇ ಸೆಂಟಿಮೀಟರಿನಷ್ಟು. ದ್ವೀಪಗಳ ಶಿಲೆಯೋ ಕೆಳಗಿನ ಶಿಲೆಗಿಂತ ಹಗುರ. ನೀರಿನ ಮೇಲಿನ ಕೊರಡಿನಂತೆ ತೇಲುವುದೇ ಅದರ ಗುಣ. ನೋಡನೋಡುತ್ತ ಅದು ಮುಳುಗಲಾರದು. ಪುರಾಣದ ಪ್ರಳಯವನ್ನು ಕೇಳಿ ಬೆಳೆದ ನಮಗೆ ಈ ಒಂದು ಸುಳ್ಳನ್ನು ಒಪ್ಪಿಕೊಳ್ಳುವುದು ಕಷ್ಟವಲ್ಲ.

ನಿಜವಾದ ಪರೀಕ್ಷೆ ಇರುವುದು ಮುಂದೆ. ತಾದೊಕೊರೊ ಎಂಬ ವಿಜ್ಞಾನಿಯ ಎಚ್ಚರಿಕೆ, ಸರಕಾರದ ಗುಟ್ಟಿನ ಯೋಜನೆ, ಯಾವ ದೇಶ ಎಷ್ಟು ಜನರನ್ನು ಸೇರಿಸಿಕೊಂಡೀತು ಎಂಬ ಚೌಕಾಶಿ, ಇವೆಲ್ಲ ನಂಬುವಂತಿವೆ. ‘ಏನೂ ಮಾಡದೆ ನೆಲದೊಡನೆಯೇ ಹೋಗುವುದು ಲೇಸು’ ಎಂಬ ಹಿರಿಯರ ಸಲಹೆಯನ್ನೂ ಲೇಖಕರು ಮುಚ್ಚಿಡುವುದಿಲ್ಲ.

ನನಗೆ ಒಪ್ಪಿಗೆಯಾಗದ್ದು ಒಂದಿದೆ. ಕೊಮಾತ್ಸು ತಮ್ಮ ಜನರ ಶಿಸ್ತನ್ನು ಅತಿಯಾಗಿ ನಂಬಿದರೇನೋ! 1923ರ ಸೆಪ್ಟೆಂಬರಿನಲ್ಲಿ ಕಾಂತೋ ಭೂಕಂಪಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಜನ ಬಲಿಯಾದರು. ರಾಜ್ಯ ಉಳಿಯಿತು, ಆದರೆ ಬರಿಯ ವದಂತಿಯನ್ನು ನಂಬಿದ ಗುಂಪುಗಳು ಅಲ್ಲಿ ನೆಲೆಸಿದ್ದ ಕೊರಿಯನ್ನರನ್ನು ಹುಡುಕಿ ಹುಡುಕಿ ಕೊಂದವು. ವಿಪತ್ತಿನಲ್ಲಿ ಮೊದಲು ಬಿರುಕು ಬಿಡುವುದು ನೆಲವಲ್ಲ, ನೆರೆಹೊರೆಯ ನಂಬಿಕೆ.

ರಾಷ್ಟ್ರವೊಂದು ಒಡೆದ ನಿದರ್ಶನ ನಮ್ಮ ನೆರೆಯಲ್ಲೇ ಉಂಟು. 1970ರ ನವೆಂಬರಿನಲ್ಲಿ ಪೂರ್ವ ಪಾಕಿಸ್ತಾನದ ಭೋಲಾ ಚಂಡಮಾರುತಕ್ಕೆ ಕಡಿಮೆಯೆಂದರೂ ಮೂರು ಲಕ್ಷ ಜನ ಸತ್ತರೆಂದು ಅಂದಾಜು. ಪರಿಹಾರ ತಡವಾಯಿತೆಂದು ಜನ ಕುದಿದರು. ಮರುತಿಂಗಳ ಚುನಾವಣೆಯಲ್ಲಿ ಅವಾಮಿ ಲೀಗ್ ಬಹುಮತ ಪಡೆಯಿತು. ಅಧಿಕಾರ ಮಾತ್ರ ಕೈಗೆ ಬರಲಿಲ್ಲ. 1971ರಲ್ಲಿ ಬಾಂಗ್ಲಾದೇಶ ಹುಟ್ಟಿತು. ಬಿರುಗಾಳಿಯೊಂದೇ ಇದಕ್ಕೆ ಕಾರಣವಲ್ಲ. ಭಾಷೆಯ, ಅಧಿಕಾರದ ಹಳೆಯ ವ್ಯಾಜ್ಯಗಳಿದ್ದವು. ಮೊದಲೇ ಸಡಿಲಾಗಿದ್ದ ಗಂಟನ್ನು ಗಾಳಿ ಬಿಚ್ಚಿತು. ಪ್ರಳಯದ ಕಥೆ ಬರೆಯುವವರು ಮೊದಲು ಈ ಗಂಟನ್ನು ತೋರಿಸಬೇಕು.

ಇಷ್ಟಾದರೂ ಈ ಕಾದಂಬರಿ ನನ್ನನ್ನು ಕಾಡುವುದು ಬೇರೆ ಕಾರಣಕ್ಕೆ. ನೆಲವಿಲ್ಲದ ಜಪಾನೀಯರು ಜಪಾನೀಯರಾಗಿ ಉಳಿದಾರೆ? ಕೋಶೂ ತಾನಿ ಅವರೊಡನೆ ಕೂಡಿ 2006ರಲ್ಲಿ ಹೊರತಂದ ಎರಡನೆಯ ಭಾಗ, ಹೀಗೆ ಚದುರಿಹೋದವರ ಕಥೆಯೇ. ನಮ್ಮನ್ನು ಅವರಿಗೆ ಹೋಲಿಸಿಕೊಳ್ಳುವುದು ತಪ್ಪಾದೀತು. ನಮ್ಮ ಊರು ಇದ್ದಲ್ಲೇ ಇದೆ. ರೈಲು ಹತ್ತಿದರೆ ಮರುದಿನ ಅಂಗಳದಲ್ಲಿರುತ್ತೇವೆ. ಆದರೂ ಕನ್ನಡ ಓದಲಾರದ ನಮ್ಮ ಮಕ್ಕಳನ್ನು ನೆನೆದಾಗ, ಊರು ಇದ್ದೂ ಇಲ್ಲಿ ಏನೋ ಮುಳುಗುತ್ತಿದೆಯಲ್ಲ ಎನಿಸದಿರದು.