ಪ್ರೇಮ ಕಾದಂಬರಿಕಾರ್ತಿಯ ದಿನಚರಿ

ಪ್ರೇಮ ಕಾದಂಬರಿಯ ಬಗ್ಗೆ ನಮ್ಮಲ್ಲಿ ಒಂದು ವಿಚಿತ್ರ ಸಂಕೋಚವಿದೆ. ಓದುವವರು ಅದನ್ನು ಮುಚ್ಚಿಟ್ಟು ಓದುತ್ತಾರೆ. ವಿಮರ್ಶಕರು ಓದದೆಯೇ ಮುಚ್ಚಿಡುತ್ತಾರೆ. ಇನ್ನು ಅದನ್ನು ಬರೆಯುವ ಹೆಣ್ಣಿನ ಬಗ್ಗೆಯಂತೂ ಕೇಳುವುದೇ ಬೇಡ. ಆಕೆ ಸೋಫಾದ ಮೇಲೆ ಒರಗಿಕೊಂಡು ಕನಸು ಕಾಣುತ್ತಾ ಪುಟ ತುಂಬಿಸುವವಳು ಎಂಬ ಚಿತ್ರ ನಮ್ಮ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ. ಈ ಚಿತ್ರಕ್ಕೆ ಆಧಾರವೇ ಇಲ್ಲವೆಂದಲ್ಲ. ಬ್ರಿಟನ್ನಿನ ಬಾರ್ಬರಾ ಕಾರ್ಟ್‌ಲ್ಯಾಂಡ್ ನಿಜಕ್ಕೂ ಸೋಫಾದ ಮೇಲೆ ಮಲಗಿಕೊಂಡು ಕಾರ್ಯದರ್ಶಿಗೆ ಕಥೆ ಹೇಳಿ ಬರೆಸುತ್ತಿದ್ದರು. 2000ದಲ್ಲಿ ಅವರು ತೀರಿಕೊಳ್ಳುವಾಗ ಅವರ ಪುಸ್ತಕಗಳ ಸಂಖ್ಯೆ 700 ದಾಟಿತ್ತು. ಆದರೆ ಒಬ್ಬ ಕಾರ್ಟ್‌ಲ್ಯಾಂಡ್‌ರನ್ನು ನೋಡಿ ಇಡೀ ಕುಲವನ್ನು ಅಳೆಯುವುದು ಸರಿಯೇ?

ಇಂದಿನ ಪ್ರೇಮ ಕಾದಂಬರಿಯ ಮೂಲ ಹುಡುಕುತ್ತಾ ಹೋದರೆ ನಾವು ತಲುಪುವುದು ಇಂಗ್ಲೆಂಡಿನ ಹ್ಯಾಂಪ್‌ಶೈರ್ ಪ್ರಾಂತದ ಚಾಟನ್ ಎಂಬ ಹಳ್ಳಿಯ ಒಂದು ಮನೆಗೆ. ಅಲ್ಲಿ ಜೇನ್ ಆಸ್ಟಿನ್ ಇದ್ದಳು. ಅಪಾರ್ಥ ಮಾಡಿಕೊಂಡ ಗಂಡು, ಸ್ವಾಭಿಮಾನದ ಹೆಣ್ಣು, ಅಡ್ಡ ಬರುವ ಬಂಧುಗಳು, ಕೊನೆಗೊಂದು ಮದುವೆ - ಇಂದು ಲಕ್ಷಗಟ್ಟಲೆ ಪ್ರತಿಗಳಲ್ಲಿ ಮಾರಾಟವಾಗುವ ಸೂತ್ರ ಆಕೆಯದೇ. ಸೂತ್ರ ಮಾಡಿಕೊಂಡವರು ನಂತರದವರು ಎನ್ನಬೇಕು. ಆಕೆಯ ಮಟ್ಟಿಗೆ ಅದು ಸೂತ್ರವಾಗಿರಲಿಲ್ಲ.

ಆಸ್ಟಿನ್ ಬಗ್ಗೆ ಎಲ್ಲರೂ ಹೇಳುವ ಕಥೆಯೊಂದಿದೆ. ಆಕೆಗೆ ಪ್ರತ್ಯೇಕ ಕೋಣೆ ಇರಲಿಲ್ಲ. ಎಲ್ಲರೂ ಓಡಾಡುವ ಕೋಣೆಯಲ್ಲೇ ಸಣ್ಣ ಹಾಳೆಗಳಲ್ಲಿ ಬರೆಯುತ್ತಿದ್ದಳು. ಆ ಮನೆಯಲ್ಲಿ ತೆರೆದಾಗ ಕಿರುಗುಟ್ಟುವ ಬಾಗಿಲೊಂದಿತ್ತು. ಅದನ್ನು ಸರಿಪಡಿಸಲು ಆಕೆ ಬಿಡಲಿಲ್ಲ. ಯಾರಾದರೂ ಬರುತ್ತಿದ್ದಾರೆಂದು ಆ ಸದ್ದು ಮುನ್ಸೂಚನೆ ಕೊಡುತ್ತಿತ್ತು, ಕೂಡಲೇ ಹಾಳೆಗಳನ್ನು ಬದಿಗೆ ಸರಿಸಬಹುದಿತ್ತು ಅಥವಾ ಮೇಲೊಂದು ಒತ್ತುಕಾಗದ ಮುಚ್ಚಬಹುದಿತ್ತು. ಇದನ್ನು ಲೋಕಕ್ಕೆ ತಿಳಿಸಿದವನು ಆಕೆಯ ಅಣ್ಣನ ಮಗ ಜೇಮ್ಸ್ ಎಡ್ವರ್ಡ್. ತನ್ನ ಅತ್ತೆ ತೀರಿಕೊಂಡು ಐವತ್ತು ವರ್ಷಗಳಾದ ಮೇಲೆ ಬರೆದ ಸ್ಮರಣೆಯಲ್ಲಿ ಆತ ಇದನ್ನು ದಾಖಲಿಸಿದ್ದಾನೆ.

ಕಥೆ ಸೊಗಸಾಗಿದೆ. ಆದ್ದರಿಂದಲೇ ಅನುಮಾನವೂ ಬರುತ್ತದೆ. ಆ ಹೊತ್ತಿಗೆ ಇಂಗ್ಲೆಂಡಿನ ಮರ್ಯಾದಸ್ಥ ಕುಟುಂಬಗಳಿಗೆ ವಿನಯಶೀಲ ಅತ್ತೆಯೊಬ್ಬಳು ಬೇಕಾಗಿದ್ದಳು. ಹಣಕ್ಕಾಗಿ ಬರೆಯದ, ಹೆಸರಿಗಾಗಿ ಹಂಬಲಿಸದ, ಸದ್ದಿಲ್ಲದೆ ಬರೆದು ಸದ್ದಿಲ್ಲದೆ ಹೋದ ಅತ್ತೆ. ಆದರೆ ಉಳಿದಿರುವ ಆಕೆಯ ಪತ್ರಗಳನ್ನು ನೋಡಿದರೆ ಬೇರೆಯೇ ಹೆಣ್ಣು ಕಾಣಿಸುತ್ತಾಳೆ. 'ಸೆನ್ಸ್ ಆ್ಯಂಡ್ ಸೆನ್ಸಿಬಿಲಿಟಿ' 1811ರಲ್ಲಿ ಪ್ರಕಟವಾದಾಗ ಮುಖಪುಟದಲ್ಲಿ ಹೆಸರಿರಲಿಲ್ಲ, 'ಒಬ್ಬ ಮಹಿಳೆ' ಎಂದಷ್ಟೇ ಇತ್ತು, ನಿಜ. ಆದರೆ ಮೊದಲ ಮುದ್ರಣದಿಂದ ಬಂದ 140 ಪೌಂಡ್ ಲಾಭದ ಲೆಕ್ಕ ಆಕೆಗೆ ಚೆನ್ನಾಗಿ ಗೊತ್ತಿತ್ತು. 'ಪ್ರೈಡ್ ಆ್ಯಂಡ್ ಪ್ರೆಜುಡೀಸ್'ನ ಹಕ್ಕನ್ನು 110 ಪೌಂಡಿಗೆ ಮಾರಿದಾಗ, ತಾನು ಬಯಸಿದ್ದು 150 ಎಂದು ಪೇಚಾಡಿಕೊಂಡಿದ್ದೂ ಪತ್ರದಲ್ಲಿದೆ. ಹಾಳೆ ಮುಚ್ಚಿಡುವುದು ಬೇರೆ, ಹಣದ ಪೆಟ್ಟಿಗೆಯ ಲೆಕ್ಕ ಬೇರೆ!

ಬಾಗಿಲಿನ ಕಥೆಯನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಆದರೆ ಆ ಬಾಗಿಲಿನ ಈಚೆ ಕೂತು ಬರೆದವಳನ್ನು ಮಾತ್ರ ನಾವು ನೋಡುತ್ತೇವೆ. ಆಚೆ ಯಾರಿದ್ದರು? ಅದು ತೆರೆದುಕೊಳ್ಳುತ್ತಿದ್ದುದು ಅಡುಗೆಮನೆ ಕಡೆಗೆ, ಮನೆಗೆಲಸದ ಭಾಗಕ್ಕೆ. 1809ರ ಜುಲೈಯಲ್ಲಿ ಆ ಮನೆಗೆ ಬಂದವರು ನಾಲ್ವರು ಹೆಂಗಸರು. ವಿಧವೆಯಾದ ತಾಯಿ, ಅಕ್ಕ ಕಸಾಂಡ್ರಾ, ಗೆಳತಿ ಮಾರ್ಥಾ ಲಾಯ್ಡ್ ಮತ್ತು ಜೇನ್. ಮನೆ ಕೊಟ್ಟವನು ಶ್ರೀಮಂತ ಸಂಬಂಧಿಗೆ ದತ್ತು ಹೋಗಿದ್ದ ಅಣ್ಣ ಎಡ್ವರ್ಡ್. ಕೆಲಸದವರಿದ್ದರು. ಆದರೆ ಇವತ್ತು ಏನು ಅಡುಗೆ, ಯಾವ ಸಾಮಾನು ಮುಗಿಯಿತು, ಯಾರಿಗೆ ಎಷ್ಟು ಕೊಡಬೇಕು ಎಂಬ ತಲೆಬಿಸಿಯನ್ನು ಕಸಾಂಡ್ರಾ ಮತ್ತು ಮಾರ್ಥಾ ವಹಿಸಿಕೊಂಡರು. ಜೇನ್‌ಳ ಪಾಲಿಗೆ ಬಂದದ್ದು ಬೆಳಗಿನ ಉಪಾಹಾರ. ಎಲ್ಲರೂ ಏಳುವ ಮೊದಲು ಪಿಯಾನೋ ಅಭ್ಯಾಸ ಮಾಡಿ, ಒಂಬತ್ತು ಗಂಟೆಗೆ ಚಹಾ ಮತ್ತು ತಿಂಡಿ ಸಿದ್ಧಪಡಿಸುತ್ತಿದ್ದಳು. ಚಹಾ, ಸಕ್ಕರೆ, ವೈನ್ ದಾಸ್ತಾನಿನ ಬೀಗದ ಕೈ ಆಕೆಯ ಬಳಿಯಿತ್ತು. ಅಲ್ಲಿಗೆ ಆಕೆಯ ಮನೆಗೆಲಸ ಹೆಚ್ಚುಕಡಿಮೆ ಮುಗಿಯುತ್ತಿತ್ತು ಎಂದು ಸೋದರ ಸೊಸೆ ಕ್ಯಾರೊಲಿನ್ ನೆನಪಿಸಿಕೊಂಡಿದ್ದಾಳೆ.

ಈ ಏರ್ಪಾಡಿನ ಬೆಲೆ ತಿಳಿಯಬೇಕಾದರೆ ಹಿಂದಿನ ವರ್ಷಗಳನ್ನು ನೋಡಬೇಕು. ಹುಟ್ಟೂರು ಸ್ಟೀವನ್‌ಟನ್‌ನಲ್ಲಿ, ಇಪ್ಪತ್ತೈದು ತುಂಬುವುದರೊಳಗೆ, ಮೂರು ಕಾದಂಬರಿಗಳ ಮೊದಲ ರೂಪವನ್ನು ಆಕೆ ಬರೆದಾಗಿತ್ತು. 1801ರಲ್ಲಿ ತಂದೆ ನಿವೃತ್ತರಾಗಿ ಕುಟುಂಬ ಬಾತ್ ನಗರಕ್ಕೆ ಹೋಯಿತು. 1805ರಲ್ಲಿ ತಂದೆ ತೀರಿಕೊಂಡರು. ಆಮೇಲೆ ಬಾಡಿಗೆ ಮನೆಗಳು, ಬಂಧುಗಳ ಮನೆಗಳು. ಈ ಎಂಟು ವರ್ಷಗಳಲ್ಲಿ ಆಕೆ ಹೊಸದಾಗಿ ಶುರುಮಾಡಿದ ಒಂದು ಕಾದಂಬರಿ ಅರ್ಧಕ್ಕೇ ನಿಂತಿತು. ಇನ್ನೊಂದನ್ನು 10 ಪೌಂಡಿಗೆ ಕೊಂಡ ಪ್ರಕಾಶಕ ಅದನ್ನು ಅಚ್ಚು ಹಾಕಿಸಲೇ ಇಲ್ಲ. ಚಾಟನ್‌ನಲ್ಲಿ ನೆಲೆಯಾದ ಎರಡೇ ವರ್ಷಕ್ಕೆ ಮೊದಲ ಪುಸ್ತಕ ಬಂತು. 1815ರ ಕೊನೆಯೊಳಗೆ ನಾಲ್ಕು ಪುಸ್ತಕಗಳು ಬಂದವು. ಪ್ರತಿಭೆ 1801ರಲ್ಲಿ ಓಡಿಹೋಗಿ 1809ರಲ್ಲಿ ವಾಪಸ್ಸು ಬಂತು ಎಂದು ಯಾರಾದರೂ ವಾದಿಸಬಹುದು. ನನಗೆ ಅದು ನಂಬಲು ಕಷ್ಟ. ವಾಪಸ್ಸು ಬಂದದ್ದು ಬಿಡುವು ಮತ್ತು ಒಂದು ಸ್ಥಿರವಾದ ಮನೆ.

ಹಾಗಾದರೆ ಆಕೆ ಹೇಗೆ ಬರೆಯುತ್ತಿದ್ದಳು? ಇನ್ನೊಬ್ಬ ಸೋದರ ಸೊಸೆ ಮರಿಯಾನ್ ಹೇಳಿದ ಒಂದು ದೃಶ್ಯ ನನಗೆ ಬಾಗಿಲಿನ ಕಥೆಗಿಂತ ಹೆಚ್ಚು ಇಷ್ಟ. ಎಡ್ವರ್ಡ್‌ನ ಮನೆಗೆ ಬಂದಾಗ ಜೇನ್ ಬೆಂಕಿಗೂಡಿನ ಬಳಿ ಸುಮ್ಮನೆ ಹೊಲಿಗೆ ಹಾಕುತ್ತಾ ಕೂತಿರುತ್ತಿದ್ದಳಂತೆ. ಇದ್ದಕ್ಕಿದ್ದಂತೆ ಜೋರಾಗಿ ನಕ್ಕು, ಎದ್ದು ಮೇಜಿನ ಬಳಿಗೆ ಓಡಿ, ಏನೋ ಗೀಚಿ, ಮತ್ತೆ ಬಂದು ಹೊಲಿಗೆ ಮುಂದುವರಿಸುತ್ತಿದ್ದಳಂತೆ. ಸೂಜಿಯ ಕೆಲಸ ಮತ್ತು ಲೇಖನಿಯ ಕೆಲಸ ಎರಡೂ ಒಂದೇ ಹೊತ್ತಿನಲ್ಲಿ ನಡೆಯುತ್ತಿದ್ದವು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ? ಆ ನಗುವನ್ನೂ ಗಮನಿಸಿ. 1816ರ ಮಾರ್ಚ್‌ನಲ್ಲಿ ರಾಜಕುಮಾರನ ಗ್ರಂಥಪಾಲಕರಾಗಿದ್ದ ಪಾದ್ರಿಯೊಬ್ಬರು, ಯುರೋಪಿನ ರಾಜವಂಶವೊಂದರ ಬಗ್ಗೆ ಘನ ಗಂಭೀರ ಐತಿಹಾಸಿಕ ಪ್ರಣಯ ಕಥೆ ಬರೆಯಿರಿ ಎಂದು ಸಲಹೆ ಕೊಟ್ಟರು. ಪ್ರಾಣ ಉಳಿಸಿಕೊಳ್ಳಲಲ್ಲದೆ ಬೇರೆ ಯಾವ ಕಾರಣಕ್ಕೂ ತಾನು ಅದಕ್ಕೆ ಕೂರಲಾರೆ, ನಗದೆ ಬರೆಯಲೇಬೇಕೆಂದರೆ ಮೊದಲ ಅಧ್ಯಾಯ ಮುಗಿಯುವ ಮೊದಲೇ ಗಲ್ಲಿಗೇರಬೇಕಾದೀತು ಎಂಬರ್ಥದ ಉತ್ತರ ಕಳಿಸಿದಳು. ಪ್ರೇಮ ಕಾದಂಬರಿಕಾರ್ತಿಗೆ ಇಂಥ ಸಲಹೆ ಕೊಡುವ ಹಿರಿಯರು ಎಲ್ಲ ಕಾಲದಲ್ಲೂ ಎಲ್ಲ ಭಾಷೆಯಲ್ಲೂ ಇರುತ್ತಾರೆ.

1816 ಆಕೆಗೆ ಒಳ್ಳೆಯ ವರ್ಷವಲ್ಲ. ಮಾರ್ಚ್‌ನಲ್ಲಿ ಅಣ್ಣ ಹೆನ್ರಿಯ ಬ್ಯಾಂಕ್ ಮುಳುಗಿತು. ಆಕೆಯ ದೇಹದಲ್ಲಿ, ಮರುವರ್ಷ ಪ್ರಾಣ ತೆಗೆದ ಕಾಯಿಲೆ ಶುರುವಾಗಿತ್ತು. ಅದರ ನಡುವೆಯೇ ಆಕೆ ಕೊನೆಯ ಕಾದಂಬರಿ 'ಪರ್ಸ್ವೇಶನ್' ಮುಗಿಸಿದಳು. ಆಕೆ ಮುಗಿಸಿ ಪ್ರಕಟವಾದ ಕಾದಂಬರಿಗಳಲ್ಲಿ ಕೈಬರಹ ಉಳಿದಿರುವುದು ಇದರ ಎರಡು ಅಧ್ಯಾಯಗಳದ್ದು ಮಾತ್ರ. ಅದೂ ಆಕೆ ಕೈಬಿಟ್ಟ ಅಧ್ಯಾಯಗಳು! ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಪ್ರೇಮ ಕಾದಂಬರಿ ಬರೆಯುವವಳ ಕೈ ಹೇಗೆ ಕೆಲಸ ಮಾಡುತ್ತದೆ ಎಂದು ನೋಡಲು ಇವುಗಳಷ್ಟು ಬೆಲೆಬಾಳುವ ವಸ್ತು ಇನ್ನೊಂದಿಲ್ಲ.

ಕಥೆ ಸರಳ. ಹತ್ತೊಂಬತ್ತರ ಹರೆಯದಲ್ಲಿ ಆ್ಯನ್ ಎಲಿಯಟ್, ಹಿರಿಯರ ಮಾತು ಕೇಳಿ ಬಡ ನೌಕಾಧಿಕಾರಿ ವೆಂಟ್‌ವರ್ತ್‌ನನ್ನು ನಿರಾಕರಿಸಿದ್ದಾಳೆ. ಎಂಟು ವರ್ಷಗಳ ನಂತರ ಆತ ಹಣವಂತನಾಗಿ ಮರಳಿದ್ದಾನೆ. ಇಬ್ಬರನ್ನೂ ಮತ್ತೆ ಹೇಗೆ ಸೇರಿಸುವುದು? ಮೊದಲು ಬರೆದದ್ದು ಹೀಗೆ: ಆ್ಯನ್ ಆತನ ಭಾವ ಅಡ್ಮಿರಲ್ ಕ್ರಾಫ್ಟ್‌ನ ಮನೆಗೆ ಹೋಗುತ್ತಾಳೆ. ಆಕೆ ಬೇರೊಬ್ಬನನ್ನು ಮದುವೆಯಾಗಲಿದ್ದಾಳೆ ಎಂಬ ಗಾಳಿಸುದ್ದಿ ಹಬ್ಬಿದೆ. ಅದು ನಿಜವಾದರೆ, ತಾನು ಬಾಡಿಗೆಗಿರುವ ಆಕೆಯ ತಂದೆಯ ಬಂಗಲೆ ಬಿಟ್ಟುಕೊಡಬೇಕೇ ಎಂದು ವಿಚಾರಿಸಲು ಅಡ್ಮಿರಲ್ ವೆಂಟ್‌ವರ್ತ್‌ನನ್ನೇ ಕಳಿಸುತ್ತಾನೆ. ಆತ ಕೇಳುತ್ತಾನೆ, ಆಕೆ ಇಲ್ಲ ಎನ್ನುತ್ತಾಳೆ, ಇಬ್ಬರ ಕಣ್ಣುಗಳು ಸೇರುತ್ತವೆ. ಮುಗಿಯಿತು. ಜುಲೈ 18ರಂದು ಆಕೆ ಕೊನೆಯಲ್ಲಿ ಸಮಾಪ್ತಿಯ ತಾರೀಕನ್ನೂ ಹಾಕಿದ್ದಾಳೆ. ಆದರೆ ಇದು ತೀರಾ ಸಪ್ಪೆಯಾಯಿತೆಂದು ಕೊರಗಿದಳಂತೆ. ಆಗಸ್ಟ್ ಮೊದಲ ವಾರದೊಳಗೆ ಹೊಸದಾಗಿ ಬರೆದಳು.

ಹೊಸ ದೃಶ್ಯ ನಡೆಯುವುದು ಬಾತ್‌ನ ವೈಟ್ ಹಾರ್ಟ್ ಎಂಬ ವಸತಿಗೃಹದ ಕೋಣೆಯೊಂದರಲ್ಲಿ. ಕೋಣೆ ತುಂಬ ಜನ. ಇಬ್ಬರು ಹೆಂಗಸರು ದೀರ್ಘ ನಿಶ್ಚಿತಾರ್ಥ ಒಳ್ಳೆಯದೋ ಕೆಟ್ಟದ್ದೋ ಎಂದು ಹರಟುತ್ತಿದ್ದಾರೆ. ಒಂದು ಮೇಜಿನ ಬಳಿ ವೆಂಟ್‌ವರ್ತ್ ಗೆಳೆಯ ಹಾರ್ವಿಲ್‌ನ ಪರವಾಗಿ ಯಾವುದೋ ವ್ಯವಹಾರದ ಪತ್ರ ಬರೆಯುತ್ತಿದ್ದಾನೆ. ಕಿಟಕಿಯ ಬಳಿ ಹಾರ್ವಿಲ್ ಮತ್ತು ಆ್ಯನ್ ಮಾತಾಡುತ್ತಿದ್ದಾರೆ. ಪ್ರೀತಿಯಲ್ಲಿ ಹೆಚ್ಚು ಕಾಲ ನಿಷ್ಠರಾಗಿ ಉಳಿಯುವವರು ಗಂಡಸರೋ ಹೆಂಗಸರೋ ಎಂಬ ಚರ್ಚೆ. ನಡುವೆ ವೆಂಟ್‌ವರ್ತ್‌ನ ಲೇಖನಿ ಕೈಜಾರಿ ಬೀಳುತ್ತದೆ. ಆತ ಕೇಳಿಸಿಕೊಳ್ಳುತ್ತಿದ್ದಾನೆ! ಹೆಣ್ಣಿನ ಚಂಚಲತೆಗೆ ಎಲ್ಲ ಪುಸ್ತಕಗಳೂ ಸಾಕ್ಷಿ ಎಂದು ಹಾರ್ವಿಲ್ ಹೇಳಿದಾಗ, ಪುಸ್ತಕಗಳ ಮಾತು ಬೇಡ, ಲೇಖನಿ ಇಷ್ಟು ದಿನ ಇದ್ದದ್ದು ಗಂಡಸರ ಕೈಯಲ್ಲಲ್ಲವೇ ಎಂದು ಆ್ಯನ್ ಉತ್ತರಿಸುತ್ತಾಳೆ. ವೆಂಟ್‌ವರ್ತ್ ವ್ಯವಹಾರದ ಪತ್ರ ಮಡಚುವ ನೆಪದಲ್ಲಿ ಇನ್ನೊಂದು ಪತ್ರವನ್ನೂ ಬರೆದಿರುತ್ತಾನೆ. ಹಾರ್ವಿಲ್‌ನೊಡನೆ ಹೊರಗೆ ಹೋದವನು ಕೈಗವಸು ಮರೆತೆನೆಂದು ಮರಳಿ ಬಂದು, ಚದುರಿದ ಕಾಗದಗಳ ಅಡಿಯಿಂದ ಅದನ್ನು ತೆಗೆದು ಆಕೆಯ ಮುಂದಿಟ್ಟು ಹೋಗುತ್ತಾನೆ.

ಮೊದಲ ರೂಪದಲ್ಲಿ ಗಂಡಸು ಕೇಳಿದ, ಹೆಣ್ಣು ಉತ್ತರಿಸಿದಳು. ಎರಡನೆಯದರಲ್ಲಿ ಹೆಣ್ಣು ಮಾತಾಡಿದಳು, ಗಂಡಸು ಕಿವಿಗೊಟ್ಟ. ಕಾದಂಬರಿ ಗೆದ್ದದ್ದು ಈ ಬದಲಾವಣೆಯಿಂದ. ಆದರೆ ನನ್ನನ್ನು ಕಾಡುವುದು ಇನ್ನೊಂದು ವಿಷಯ. ಮಾತು, ಓಡಾಟ ತುಂಬಿದ ಕೋಣೆಯ ಮೂಲೆಯಲ್ಲಿ ಮೇಜಿಗೆ ಬಗ್ಗಿ, ಎಲ್ಲರ ಮಾತು ಕೇಳುತ್ತಲೇ, ಬೇರೇನನ್ನೋ ಬರೆಯುವ ನಟನೆ ಮಾಡುತ್ತಾ, ಎದೆಯೊಳಗಿನದನ್ನು ಬರೆದು ಕಾಗದದ ಅಡಿಯಲ್ಲಿ ಬಚ್ಚಿಡುವುದು - ಇದು ಯಾರ ದಿನಚರಿ? ಚಾಟನ್‌ನ ಕೋಣೆಯಲ್ಲಿ ವರ್ಷಗಟ್ಟಲೆ ತಾನು ಮಾಡಿದ್ದನ್ನೇ ಆಕೆ ತನ್ನ ನಾಯಕನಿಗೆ ಕೊಟ್ಟಿದ್ದಾಳೆ. ಇದು ನನ್ನ ಓದು, ಆಕೆ ಎಲ್ಲೂ ಹೀಗೆ ಹೇಳಿಲ್ಲ. ಆದರೆ ಸ್ವಂತ ಕೋಣೆ ಇಲ್ಲದ್ದು ಆಕೆಯ ಬರವಣಿಗೆಗೆ ಅಡ್ಡಿಯಾಯಿತು ಎಂದಷ್ಟೇ ಹೇಳಿ ನಿಲ್ಲಿಸುವವರು ಈ ದೃಶ್ಯವನ್ನು ಮತ್ತೊಮ್ಮೆ ಓದಬೇಕು. ಅಡ್ಡಿಯೇ ಇಲ್ಲಿ ಸಾಮಗ್ರಿಯಾಗಿದೆ.

ಹಾಗಂತ ಅಡ್ಡಿಯನ್ನು ವೈಭವೀಕರಿಸಬೇಕಾಗಿಲ್ಲ. ಈ ಅಧ್ಯಾಯ ಮುಗಿಸಿದ ಮರುತಿಂಗಳಲ್ಲೇ, 1816ರ ಸೆಪ್ಟೆಂಬರ್ 8ರಂದು, ಊರಲ್ಲಿಲ್ಲದ ಅಕ್ಕನಿಗೆ ಆಕೆ ಒಂದು ಪತ್ರ ಬರೆದಳು. ಮನೆಗೆ ನೆಂಟರು ಬಂದಿದ್ದರು. ಕಸಾಂಡ್ರಾ ಇಲ್ಲದ್ದರಿಂದ ಮನೆಯ ಜವಾಬ್ದಾರಿ ಜೇನ್‌ಳ ತಲೆಗೆ ಬಿದ್ದಿತ್ತು. ತಲೆತುಂಬ ಕುರಿಮಾಂಸದ ತುಂಡುಗಳು ಮತ್ತು ಔಷಧಿಯ ಪ್ರಮಾಣಗಳು ತುಂಬಿಕೊಂಡಿರುವಾಗ ಬರೆಯುವುದು ತನ್ನಿಂದಾಗದು ಎಂದು ಹೇಳಿಕೊಂಡಿದ್ದಾಳೆ. ಅಷ್ಟೇ ಅಲ್ಲ, ಸಂಸಾರ ತಾಪತ್ರಯದ ನಡುವೆ ಅಷ್ಟೊಂದು ಪುಸ್ತಕ ಬರೆದ ಸಮಕಾಲೀನ ಲೇಖಕಿ ಜೇನ್ ವೆಸ್ಟ್‌ಗೆ ಅದು ಹೇಗೆ ಸಾಧ್ಯವಾಯಿತೋ ಎಂದು ಆಶ್ಚರ್ಯಪಟ್ಟಿದ್ದಾಳೆ. ಕೆಲವೇ ದಿನ ಅಡುಗೆಮನೆಯ ಲೆಕ್ಕ ನೋಡಿಕೊಳ್ಳಬೇಕಾಗಿ ಬಂದಾಗ ಜೇನ್ ಆಸ್ಟಿನ್‌ಳಂಥ ಜೇನ್ ಆಸ್ಟಿನ್ ಹೇಳಿದ ಮಾತು ಇದು.

ಈ ಪತ್ರ ಓದುವಾಗ ನಮ್ಮವರ ನೆನಪಾಗದೆ ಇರುವುದಿಲ್ಲ. ಕನ್ನಡದಲ್ಲಿ ಹೆಂಗಸರು ಬರೆದ ಜನಪ್ರಿಯ ಕಾದಂಬರಿಗಳಿಗೆ 'ಅಡುಗೆಮನೆ ಸಾಹಿತ್ಯ' ಎಂದು ಹೆಸರಿಟ್ಟು ಕೈತೊಳೆದುಕೊಂಡ ಕಾಲವೊಂದಿತ್ತು. ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ 'ತುಂಗಭದ್ರಾ' 1963ರಲ್ಲಿ ಬಂದಾಗ ಅವರಿಗೆ 45 ದಾಟಿತ್ತು. ಅದೇ ವರ್ಷ ತ್ರಿವೇಣಿ, ಹತ್ತು ವರ್ಷಗಳಲ್ಲಿ ಸುಮಾರು ಇಪ್ಪತ್ತು ಕಾದಂಬರಿ ಬರೆದು, 35 ತುಂಬುವ ಮೊದಲೇ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಇವರ ಕಥಾವಸ್ತುವಿನ ಬಗ್ಗೆ, ಭಾವುಕತೆಯ ಬಗ್ಗೆ ನಮ್ಮ ವಿಮರ್ಶೆ ಸಾಕಷ್ಟು ಮಾತಾಡಿದೆ. ಇವರು ದಿನದ ಯಾವ ಹೊತ್ತಿನಲ್ಲಿ ಬರೆದರು, ಆ ಹೊತ್ತಿನಲ್ಲಿ ಒಲೆಯ ಮುಂದೆ ಯಾರಿದ್ದರು ಎಂದು ಕೇಳಿದ್ದು ಅಪರೂಪ. ಅಡುಗೆಮನೆ ಎಂಬ ಪದ ಬಳಸಿದವರಿಗೆ ಅಡುಗೆಮನೆಯ ಬಗ್ಗೆಯೇ ಕುತೂಹಲವಿರಲಿಲ್ಲ!

ಜೇನ್ ಆಸ್ಟಿನ್ 1817ರ ಜುಲೈ 18ರಂದು, 41ನೆಯ ವಯಸ್ಸಿನಲ್ಲಿ ತೀರಿಕೊಂಡಳು. 'ಪರ್ಸ್ವೇಶನ್' ಆ ವರ್ಷದ ಕೊನೆಯಲ್ಲಿ ಪ್ರಕಟವಾಯಿತು. ಆಕೆಯ ಪತ್ರಗಳಲ್ಲಿ ಬಹುಪಾಲನ್ನು ಕಸಾಂಡ್ರಾ ತನ್ನ ಕೊನೆಗಾಲದಲ್ಲಿ ಸುಟ್ಟುಬಿಟ್ಟಳು. ಉಳಿದಿರುವುದು ಸುಮಾರು 160. ಸುಟ್ಟದ್ದು ತಪ್ಪೆಂದು ಸಾಹಿತ್ಯಾಭಿಮಾನಿಗಳು ಆಕೆಯನ್ನು ಈಗಲೂ ಬೈಯುತ್ತಾರೆ. ಮನೆ ನಡೆಸಿದ್ದಕ್ಕೆ ಆಕೆಗೆ ಧನ್ಯವಾದ ಹೇಳಿದವರು ಕಡಿಮೆ.

ಚಾಟನ್‌ನ ಆ ಮನೆ 1949ರಿಂದ ವಸ್ತುಸಂಗ್ರಹಾಲಯವಾಗಿದೆ. ಜೇನ್ ಬರೆಯಲು ಬಳಸುತ್ತಿದ್ದಳೆಂದು ಹೇಳುವ ಹನ್ನೆರಡು ಬದಿಗಳ ಪುಟ್ಟ ಮೇಜು ಅಲ್ಲಿದೆ. ಒಂದು ಲೋಟ ಮತ್ತು ನಾಲ್ಕು ಹಾಳೆ ಇಟ್ಟರೆ ತುಂಬಿಹೋಗುವಷ್ಟು ಚಿಕ್ಕದು. ಜನ ನಿಂತು ನೋಡುವುದು ಅದನ್ನೇ. ಅದೇ ಮನೆಯ ಸಂಗ್ರಹದಲ್ಲಿ ಮಾರ್ಥಾ ಲಾಯ್ಡ್ ಕೈಯಾರೆ ಬರೆದಿಟ್ಟ ಅಡುಗೆ ಪುಸ್ತಕವೂ ಇದೆ. ಕಡುಬು, ಸಾರು, ಮನೆಮದ್ದುಗಳ ಜೊತೆಗೆ ಹಿಂದೂಸ್ತಾನದ ರೀತಿಯಲ್ಲಿ ಕರಿ ಮಾಡುವ ವಿಧಾನವನ್ನೂ ಆಕೆ ಅದರಲ್ಲಿ ಬರೆದುಕೊಂಡಿದ್ದಾಳೆ.