ಇಂಟರ್‌ಕೂಲರ್ ದೊಡ್ಡದಾದಷ್ಟೂ ಗಾಡಿ ಜೋರಾ?

ಟಿಕೋಟಾದಲ್ಲಿರೋ ನಮ್ಮ ಕಾಕಾನ ಮಗ ದ್ರಾಕ್ಷಿ ಸೀಜನ್ ಮುಗಿದ ಮೇಲೆ ಒಂದು ಪ್ಲಾನ್ ಕಳಿಸಿದ. ನೋಟ್‌ಬುಕ್ ಹಾಳೆ ಮೇಲೆ ಪೆನ್ಸಿಲ್ ಚಿತ್ರ. ಅವನ ಹಳೇ ಟರ್ಬೊ ಡೀಸೆಲ್ ಗಾಡಿಯ ಇಂಟರ್‌ಕೂಲರ್ ತೆಗೆದು ಬಂಪರ್ ಹಿಂದೆ ಅದರ ಎರಡರಷ್ಟು ದೊಡ್ಡದನ್ನ ಕೂಡಿಸೋದು, ಎರಡು ಅಲ್ಯೂಮಿನಿಯಂ ಪೈಪು, ನಾಲ್ಕು ಸಿಲಿಕೋನ್ ಹೋಸು, ಕೊನೆಗೆ ಖರ್ಚಿನ ಲೆಕ್ಕ. ಕೆಳಗೆ ಬರೆದಿದ್ದ: "ಗಾಡಿ ಮೊದಲಿನಂಗ ಎಳ್ಯಾಕತ್ತಿಲ್ಲ, ಕರಿ ಹೊಗಿ ಬರ್ತೈತಿ. ಇದನ್ನ ಕೂಡಿಸಿದ್ರ ಹಾರ್ತೈತಿ. ಅಣ್ಣಾ, ನೀ ಇಂಜಿನಿಯರ್ ಅದಿ, ತಪ್ಪಿದ್ರ ಹೇಳು."

ನಾನು ಓದಿದ್ದು ಕಂಪ್ಯೂಟರ್ ಸೈನ್ಸ್. ಆದರೂ ದಿನಾ ಬೇರೆಯವರ ಕೋಡ್ ರಿವ್ಯೂ ಮಾಡೋ ಚಟ ಬಿಡುತ್ತಾ? ಇದೂ ಒಂದು ರಿವ್ಯೂ.

ಮೊದಲು ಸರಿ ಇರೋದನ್ನ ಹೇಳ್ತೀನಿ. ಒತ್ತಿದ ಗಾಳಿ ಕಾಯುತ್ತೆ, ಸೈಕಲ್ ಪಂಪ್ ಹೊಡೆದವರಿಗೆಲ್ಲ ಗೊತ್ತು. ನಮ್ಮ ಮೇ ತಿಂಗಳ 40 ಡಿಗ್ರಿ ಗಾಳಿಯನ್ನ ಟರ್ಬೊ ಎರಡು ಪಟ್ಟು ಒತ್ತಡಕ್ಕೆ ಒತ್ತಿದರೆ, ಅದರ ದಕ್ಷತೆ ಶೇಕಡಾ 70 ಅಂತ ಹಿಡಿದರೂ, ಹೊರಗೆ ಬರೋ ಗಾಳಿ ಸುಮಾರು 138 ಡಿಗ್ರಿ. ಒತ್ತಡ ಹಾಗೇ ಉಳಿಸಿ ಅದನ್ನ 60ಕ್ಕೆ ಇಳಿಸಿದರೆ ಅಷ್ಟೇ ಜಾಗದಲ್ಲಿ ಶೇಕಡಾ 23ರಷ್ಟು ಹೆಚ್ಚು ಗಾಳಿ. ಸ್ಕಾರ್ಪಿಯೊ ಬಾನೆಟ್ ಮೇಲಿನ ಮೂಗು ಶೋಕಿಗಲ್ಲ, ಕೆಳಗಿರೋ ಇಂಟರ್‌ಕೂಲರ್‌ಗೆ ಗಾಳಿ ಹೋಗೋಕೆ. ಅದನ್ನ ನೋಡಿ ಪ್ಲಾಸ್ಟಿಕ್ ಮೂಗು ಅಂಟಿಸಿಕೊಂಡು ತಿರುಗೋರು ನಮ್ಮಲ್ಲಿ ಕಡಿಮೆ ಏನಿಲ್ಲ. ನಮ್ಮ ಹುಡುಗ ಆ ಜಾತಿಯವನಲ್ಲ. ಆದರೂ ಎಡವಿದ.

‘ಒತ್ತಡ ಹಾಗೇ ಉಳಿಸಿ’ ಅಂದೆನಲ್ಲ, ತಪ್ಪು ಇರೋದು ಅಲ್ಲೇ. ಪೈಪ್ ಉದ್ದವಾದಷ್ಟೂ, ಬೆಂಡ್ ಹೆಚ್ಚಾದಷ್ಟೂ ಒತ್ತಡ ಸೋರುತ್ತೆ. ತುಂಬಬೇಕಾದ ಜಾಗ ಹೆಚ್ಚಾದರೆ ಟರ್ಬೊ ಏಳೋದೂ ತಡ. ಅವನ ಚಿತ್ರದಲ್ಲಿ ಆರು ಬೆಂಡ್ ಇವೆ. ನಮ್ಮೂರಲ್ಲೇ ನೋಡಿ, ಆದಿಲ್‌ಶಾಹಿ ಕಾಲದಲ್ಲಿ ಬಿಜಾಪುರಕ್ಕೆ ನೀರು ತಂದವರು ಕೊಳವೆ ಸಾಲಿನ ನಡುನಡುವೆ ಗಂಜ್ ಅನ್ನೋ ಗೋಪುರ ಕಟ್ಟಿದರು. ಒತ್ತಡಕ್ಕೆ ಕೊಳವೆ ಒಡೀಬಾರದು, ಕೆಸರು ತಳಕ್ಕೆ ಕೂಡಬೇಕು ಅಂತ. ಅವರಿಗೆ ಒತ್ತಡ ಇಳಿಸಬೇಕಿತ್ತು, ನಮಗೆ ಉಳಿಸಬೇಕು. ಲೆಕ್ಕ ಮಾತ್ರ ಇಬ್ಬರಿಗೂ ದಾರಿಯುದ್ದಕ್ಕೂ ಬೇಕು.

ಎರಡನೇದು ರೇಡಿಯೇಟರ್. ಒಣದ್ರಾಕ್ಷಿ ಶೆಡ್ ಮುಂದೆ ಗೋಡೆ ಕಟ್ಟಿದರೆ ದ್ರಾಕ್ಷಿ ಒಣಗುತ್ತಾ? ದಪ್ಪ ಇಂಟರ್‌ಕೂಲರ್ ರೇಡಿಯೇಟರ್‌ಗೂ ಎಸಿ ಕಂಡೆನ್ಸರ್‌ಗೂ ಅದೇ ಗೋಡೆ. ಬಬಲೇಶ್ವರ ರೋಡಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ತೆವಳುವಾಗ ಗಾಳಿ ಕಡಿಮೆ, ಧೂಳು ಜಾಸ್ತಿ.

ಮೂರನೇದು ಹಾರೋ ಮಾತು. ಗಾಳಿ ಹೆಚ್ಚಾದ ಮಾತ್ರಕ್ಕೆ ಡೀಸೆಲ್ ಹೆಚ್ಚಾಗಲ್ಲ; ಎಷ್ಟು ಡೀಸೆಲ್ ಅನ್ನೋದನ್ನ ನಿರ್ಧರಿಸೋದು ಇಸಿಯು. ಅದನ್ನ ಮುಟ್ಟದಿದ್ದರೆ ಸಿಗೋದು ತಂಪು, ರಾಕೆಟ್ ಅಲ್ಲ.

ನಾಲ್ಕನೇದು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿಯ ಮೂಲ ವಿವರ ಬದಲಾಗೋ ಹಾಗೆ ಗಾಡಿ ತಿದ್ದುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಒತ್ತಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು.

ಇವೆಲ್ಲಕ್ಕಿಂತ ದೊಡ್ಡ ತಪ್ಪು, ಅವನ ಹಾಳೆಯಲ್ಲಿ ಅಳತೆಯೇ ಇಲ್ಲ. ಈಗ ಬೂಸ್ಟ್ ಎಷ್ಟು, ಗಾಳಿ ಎಷ್ಟು ಬಿಸಿ? ಗೊತ್ತಿಲ್ಲ. ಬಗ್ ಎಲ್ಲಿದೆ ಅಂತ ನೋಡದೆ ಹೊಸ ಸರ್ವರ್ ಕೊಂಡಂಗೆ. ಎಳೆತ ಕಡಿಮೆ, ಕರಿ ಹೊಗೆ ಅಂತ ಅವನೇ ಬರೆದಿದ್ದಾನೆ. ಗಾಳಿ ಎಲ್ಲೋ ಸೋರ್ತಿರಬಹುದು ಅನ್ನೋದಕ್ಕೆ ಇನ್ನೇನು ಸುಳಿವು ಬೇಕು?

"ಪಂಕ್ಚರ್ ಅಂಗಡ್ಯಾಗ ಟ್ಯೂಬ್ ನೋಡ್ತಾರಲ್ಲ, ಹಂಗ ನೋಡು" ಅಂದೆ. ಎರಡೂ ತುದಿ ಮುಚ್ಚಿ, ಗೇಜ್ ನೋಡಿಕೊಂಡು ಸ್ವಲ್ಪೇ ಗಾಳಿ ಬಿಟ್ಟು, ಜಾಯಿಂಟ್‌ಗೆಲ್ಲ ಸೋಪಿನ ನೀರು ಹಚ್ಚಿದ. ಹೋಸ್ ಒಂದರ ಕ್ಲಾಂಪ್ ಕೆಳಗೆ ಗುಳ್ಳೆ ಎದ್ದವು. ಹೋಸ್ ಹರಿದಿತ್ತು. ಅದನ್ನ ಬದಲಿಸಿ, ಇದ್ದ ಇಂಟರ್‌ಕೂಲರ್ ಬಿಚ್ಚಿ ಎಣ್ಣೆ, ಧೂಳು ತೊಳೆದ. ಕರಿ ಹೊಗೆ ನಿಂತಿತು.

ಕಾಕುಗೆ ಬಿ.ಪಿ. ಏರಿದ ರಾತ್ರಿ ವಿಜಯಪುರದ ದವಾಖಾನೆಗೆ ಓಡಿದ್ದು ಇದೇ ಗಾಡಿ. ಮನೇಲಿ ಇನ್ನೊಂದಿಲ್ಲ. ಪ್ಲಾನ್ ಹಾಕೋ ಹುಡುಗರು ಹಾಳೆಯ ಮೊದಲ ಸಾಲಿನಲ್ಲಿ ಬರೀಬೇಕಾದ್ದು ಇದನ್ನೇ: ನಾಳೆ ಬೆಳಿಗ್ಗೆ ಈ ಗಾಡಿ ಚಾಲೂ ಆಗದಿದ್ದರೆ ಯಾರಿಗೆ ತೊಂದರೆ?

ಹಾಳೆಯನ್ನ ಅವನು ಹರಿದಿಲ್ಲ. ಅದರ ಹಿಂಬದಿಯಲ್ಲಿ ಈಗ ತಾಪಮಾನ ಬರೀತಿದ್ದಾನೆ.