ಕೂಗು ಕೇಳಿ, ಗಂಟು ನೋಡಿ

ಬೀರೂರಿನವರಿಗೆ ಹರಾಜು ಹೊಸದಲ್ಲ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ದನಗಳಿಗಾಗಿ ಇದ್ದ ‘ಬೆಣ್ಣೆ ಚಾವಡಿ’ ಟಿಪ್ಪುವಿನ ಕಾಲಕ್ಕೆ ‘ಅಮೃತ್ ಮಹಲ್’ ಆಯಿತು. 1929ರಲ್ಲಿ ಅಜ್ಜಂಪುರದಲ್ಲಿ ಅದರ ತಳಿ ಸಂವರ್ಧನಾ ಕೇಂದ್ರ ಶುರುವಾಯಿತು. ಅದರ ಕಾವಲುಗಳಲ್ಲಿ ಹುಲ್ಲು ಮೇದು ಬೆಳೆದ ಹೋರಿಕರುಗಳನ್ನು ನಮ್ಮೂರಿನಲ್ಲಿ ಬಹಿರಂಗ ಹರಾಜು ಹಾಕುತ್ತಾರೆ. ಹಾವೇರಿ, ದಾವಣಗೆರೆ, ಶಿವಮೊಗ್ಗ, ಚಿತ್ರದುರ್ಗದ ಕಡೆಯಿಂದ ರೈತರು ಬಂದು ಸೇರುತ್ತಾರೆ, ಜೋಡಿಗೆ ಲಕ್ಷ ದಾಟಿ ಕೂಗುತ್ತಾರೆ.

ಚಿಕ್ಕಂದಿನಲ್ಲಿ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದವರು ನಮ್ಮ ದೊಡ್ಡಪ್ಪ. ನಾನು ಕಣ್ಣು ಕೀಳದೆ ಕರುಗಳನ್ನೇ ನೋಡುತ್ತಿದ್ದೆ. ಆಗಷ್ಟೇ ಹಿಂದಕ್ಕೆ ಬಾಗುತ್ತಿದ್ದ ಕೋಡು, ಯಾರನ್ನೂ ಹತ್ತಿರಕ್ಕೆ ಬಿಡದ ಕಣ್ಣು. ದೊಡ್ಡಪ್ಪ ಕರುವಿನ ಕಡೆ ಒಂದು ಸಲ ನೋಡಿದರು, ಅಷ್ಟೇ. ಆಮೇಲೆ ಪೂರಾ ಹೊತ್ತು ಕೂಗುವವರ ಕಡೆ ಮುಖ ಮಾಡಿ ನಿಂತಿದ್ದರು. “ಕರು ಎಲ್ಲಿಗೂ ಓಡಿಹೋಗಲ್ಲ ಮಗ. ಕೂಗೋರನ್ನ ನೋಡು. ಯಾರ ಗಂಟು ಎಷ್ಟು ಉಳಿದಿದೆ ಅಂತ ನೋಡು” ಅಂದರು.

ಹರಾಜು ನೋಡುವ ವಿದ್ಯೆಯೆಲ್ಲ ಆ ಮಾತಿನಲ್ಲಿದೆ. ಫುಟ್‌ಬಾಲ್‌ನ ಫ್ಯಾಂಟಸಿ ಲೀಗ್ ಕಟ್ಟಲು ಹೊರಟ ಗೆಳೆಯರಿಗೂ, ಅವರ ಹರಾಜನ್ನು ಪಕ್ಕದಲ್ಲಿ ಕೂತು ಸವಿಯಬೇಕೆನ್ನುವ ಹೊಸಬರಿಗೂ ನಾನು ಹೇಳುವುದು ಅದನ್ನೇ.

ಫ್ಯಾಂಟಸಿ ಲೀಗ್ ಅಂದರೆ ಇಷ್ಟೇ. ನೀವು ಮಾಲೀಕರು. ನಿಜವಾದ ಆಟಗಾರರ ಹೆಸರುಗಳನ್ನು ನಿಮ್ಮ ಪಟ್ಟಿಗೆ ತೆಗೆದುಕೊಳ್ಳುತ್ತೀರಿ. ಅವರು ಅಲ್ಲೆಲ್ಲೋ ಗೋಲು ಹೊಡೆದರೆ ಇಲ್ಲಿ ನಿಮಗೆ ಅಂಕ ಬರುತ್ತದೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನ ಅಧಿಕೃತ ಫ್ಯಾಂಟಸಿ ಆಟ ಗೊತ್ತಿರುವವರಿಗೆ ಇದು ಹೊಸದೇನಲ್ಲ. ಅಲ್ಲಿ ಎಲ್ಲರಿಗೂ 10 ಕೋಟಿ ಪೌಂಡ್, 15 ಆಟಗಾರರು, ಒಂದು ಕ್ಲಬ್ಬಿನಿಂದ ಹೆಚ್ಚೆಂದರೆ ಮೂವರು. ಆದರೆ ಅಲ್ಲಿ ಒಂದು ಕೊರತೆ ಇದೆ. ಹಾಲಂಡ್ ಬೇಕೆಂದರೆ ನಿಮಗೂ ಸಿಗುತ್ತಾನೆ, ನನಗೂ ಸಿಗುತ್ತಾನೆ, ಲಕ್ಷಾಂತರ ಜನಕ್ಕೂ ಸಿಗುತ್ತಾನೆ. ಎಲ್ಲರಿಗೂ ಸಿಗುವುದರಲ್ಲಿ ನನ್ನದು ಎನ್ನುವ ಮೋಹ ಹುಟ್ಟುವುದಿಲ್ಲ. ಒಬ್ಬ ಆಟಗಾರನಿಗೆ ಒಬ್ಬನೇ ಒಡೆಯ ಎಂದು ಗೆರೆ ಎಳೆದ ಮೇಲೆ ಆಟಕ್ಕೆ ಜೀವ ಬರುತ್ತದೆ. ಆಗ ಪ್ರಶ್ನೆ ಏಳುತ್ತದೆ: ಹಂಚುವುದು ಹೇಗೆ?

ಒಂದು ದಾರಿ ಸರದಿಯದು. 1962-63ರಲ್ಲಿ ಅಮೆರಿಕದ ಓಕ್ಲೆಂಡ್‌ನ ಬಿಲ್ ವಿಂಕೆನ್‌ಬಾಕ್ ಮತ್ತು ಗೆಳೆಯರು ತಮ್ಮ ದೇಶದ ಫುಟ್‌ಬಾಲ್ ಇಟ್ಟುಕೊಂಡು ಮೊದಲ ಲೀಗ್ ಕಟ್ಟಿದಾಗ ಹಾಗೆಯೇ ಸರದಿಯಲ್ಲಿ ಆಟಗಾರರನ್ನು ಆರಿಸಿಕೊಂಡರು. ಸರದಿ ಹಾವಿನಂತೆ ಹೋಗಿ ತಿರುಗಿ ಬರುತ್ತದೆ. ಎಂಟು ಜನ ಇದ್ದರೆ ಮೊದಲನೆಯವನಿಗೆ 1ನೇ ಆಯ್ಕೆ, ಆಮೇಲೆ 16 ಮತ್ತು 17. ಎಂಟನೆಯವನಿಗೆ 8 ಮತ್ತು 9. ಶಾಲೆಯ ಬಯಲಿನಲ್ಲಿ ಇಬ್ಬರು ನಾಯಕರು ಒಬ್ಬೊಬ್ಬರನ್ನೇ ಕರೆದುಕೊಳ್ಳುತ್ತಿದ್ದರಲ್ಲ, ಅದೇ ಪದ್ಧತಿ. ಬೇಗ ಮುಗಿಯುತ್ತದೆ, ಜಗಳವಿಲ್ಲ. ಆದರೆ ಮೆಸ್ಸಿ ಯಾರಿಗೆ ಎನ್ನುವುದನ್ನು ಚೀಟಿ ಎತ್ತಿದ ಕೈ ನಿರ್ಧರಿಸಿಬಿಡುತ್ತದೆ. ನಿಮಗೆ ಎಂಟನೇ ಸರದಿ ಬಂದರೆ ಅವನ ಮೇಲೆ ಎಷ್ಟು ಪ್ರೀತಿ ಇದ್ದರೂ ಪ್ರಯೋಜನವಿಲ್ಲ.

ಇನ್ನೊಂದು ದಾರಿ ಹರಾಜು. 1980ರಲ್ಲಿ ಡೇನಿಯಲ್ ಓಕ್ರೆಂಟ್ ಎಂಬ ಪತ್ರಕರ್ತ ನ್ಯೂಯಾರ್ಕ್‌ನಲ್ಲಿ ಗೆಳೆಯರನ್ನು ಸೇರಿಸಿ ಬೇಸ್‌ಬಾಲ್ ಆಟಗಾರರನ್ನು ಹರಾಜು ಕೂಗಿಸಿದ. ಇಲ್ಲಿ ಎಲ್ಲರ ಕೈಯಲ್ಲೂ ಒಂದೇ ಮೊತ್ತ. ಯಾರು ಬೇಕಾದರೂ ಯಾರನ್ನು ಬೇಕಾದರೂ ಪಡೆಯಬಹುದು. ಅವನಿಗಾಗಿ ಉಳಿದವರಲ್ಲಿ ಎಷ್ಟು ಜನರನ್ನು ಬಿಟ್ಟುಕೊಡುತ್ತೀರಿ ಎನ್ನುವುದೇ ಬೆಲೆ.

ನಮ್ಮ ದೇಶದ ಫುಟ್‌ಬಾಲ್ ಈ ಎರಡನ್ನೂ ಒಂದೇ ವರ್ಷ ಬಳಸಿದೆ. 2015ರ ಇಂಡಿಯನ್ ಸೂಪರ್ ಲೀಗ್‌ನಲ್ಲಿ ಹತ್ತು ಆಟಗಾರರನ್ನು ಮಾತ್ರ ಹರಾಜಿಗಿಟ್ಟು, ಮಿಕ್ಕವರನ್ನು ಸರದಿಯಲ್ಲಿ ಹಂಚಿದರು. ಬೆಂಗಳೂರು ಎಫ್‌ಸಿಯಲ್ಲಿ ಆಡುತ್ತಿದ್ದ ಸುನಿಲ್ ಛೆಟ್ರಿ 1.2 ಕೋಟಿಗೆ ಮುಂಬೈಗೆ ಹೋದರು. ಅದೇ ಕ್ಲಬ್ಬಿನ ಯೂಜಿನ್ಸನ್ ಲಿಂಗ್ಡೊ 27.5 ಲಕ್ಷದ ಮೂಲಬೆಲೆಯಿಂದ ಹತ್ತಿ 1.05 ಕೋಟಿಗೆ ಪುಣೆಯ ಪಾಲಾದರು. ಸರದಿಯ ಪದ್ಧತಿಯಲ್ಲಿ ಲಿಂಗ್ಡೊ ಇಷ್ಟು ಜನಕ್ಕೆ ಇಷ್ಟು ಬೇಕಾಗಿದ್ದಾರೆ ಎನ್ನುವ ಸಂಗತಿ ಹೊರಗೆ ಬರುತ್ತಲೇ ಇರಲಿಲ್ಲ. ಹರಾಜು ಅದನ್ನು ಎಲ್ಲರೆದುರು ಕೂಗಿ ಹೇಳಿತು. ನನ್ನ ಒಲವು ಯಾವ ಕಡೆ ಎಂದು ಬೇರೆ ಹೇಳಬೇಕಿಲ್ಲ.

ಹರಾಜು ಎಂದು ತೀರ್ಮಾನಿಸಿದ ಮೇಲೆ ಯಾವ ಹರಾಜು ಎಂಬ ಮಾತು ಬರುತ್ತದೆ. ಕರ್ನಾಟಕದಲ್ಲಿ ಹುಟ್ಟಿದವರಿಗೆ ಇದನ್ನು ತಿಳಿಯಲು ಪುಸ್ತಕ ಬೇಡ, ಸಂತೆ ಮಾರುಕಟ್ಟೆ ಸುತ್ತಿದರೆ ಸಾಕು. ಹೋರಿಕರುಗಳದು ಏರು ಕೂಗು. ಎಲ್ಲರೂ ಕೇಳುವಂತೆ ಬೆಲೆ ಏರುತ್ತದೆ, ಮೂರು ಸಲ ಹೇಳಿ ಮುಗಿಸುತ್ತಾರೆ. ನಮ್ಮ ಭಾಗದ ಅಡಿಕೆ ಮಂಡಿಯದು ಟೆಂಡರು. ಖರೀದಿದಾರರು ರಾಶಿಯಿಂದ ರಾಶಿಗೆ ನಡೆದು, ಒಂದೆರಡು ಅಡಿಕೆಯನ್ನು ಕತ್ತರಿಸಿ ನೋಡಿ, ತಮ್ಮ ದರವನ್ನು ಗುಟ್ಟಾಗಿ ನಮೂದಿಸುತ್ತಾರೆ. ಪಕ್ಕದವನು ಎಷ್ಟು ಹಾಕಿದ ಎಂದು ಕೊನೆಯವರೆಗೂ ತಿಳಿಯದು. ಬೆಂಗಳೂರಿನ ಹೆಬ್ಬಾಳದ ಹೂವಿನ ಹರಾಜು ಕೇಂದ್ರದಲ್ಲಿ ಇನ್ನೊಂದು ಬಗೆ, ಹಾಲೆಂಡಿನಿಂದ ಬಂದದ್ದು. ಬೆಲೆ ಮೇಲಿನಿಂದ ಇಳಿಯುತ್ತಾ ಬರುತ್ತದೆ, ಮೊದಲು ಗುಂಡಿ ಒತ್ತಿದವನಿಗೆ ಹೂವು. ಬಾಡುವ ಸರಕಿಗೆ ಅದು ತಕ್ಕದ್ದು, ಕ್ಷಣದಲ್ಲಿ ಮುಗಿಯುತ್ತದೆ. ಜಾತ್ರೆಯ ದನದ ವ್ಯಾಪಾರದಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ದರ ಹೇಳುತ್ತಾರಲ್ಲ, ಅದು ಹರಾಜೇ ಅಲ್ಲ, ಇಬ್ಬರ ನಡುವಿನ ಚೌಕಾಸಿ.

ಗೆಳೆಯರ ಲೀಗಿಗೆ ಇಳಿಕೆಯ ಹರಾಜು ಬೇಡ. ಅದರಲ್ಲಿ ಮಾತಿಲ್ಲ, ಬರೀ ಎದೆಬಡಿತ. ಟೆಂಡರು ಒಂದು ಸಂದರ್ಭದಲ್ಲಿ ಒಳ್ಳೆಯದು: ಒಬ್ಬ ಬೀರೂರಿನಲ್ಲಿ, ಒಬ್ಬ ಬೆಂಗಳೂರಿನಲ್ಲಿ, ಇನ್ನೊಬ್ಬ ದುಬೈನಲ್ಲಿ ಇದ್ದು ಎಲ್ಲರೂ ಒಂದೇ ಹೊತ್ತಿಗೆ ಕೂರಲಾಗದಿದ್ದರೆ. ಆಗ ವಾಟ್ಸ್ಆ್ಯಪ್‌ನಲ್ಲಿ ದಿನಕ್ಕೆ ಹತ್ತು ಹೆಸರು ಹಾಕಿ, ರಾತ್ರಿಯೊಳಗೆ ಒಬ್ಬ ನಂಬಿಕಸ್ಥನಿಗೆ ದರ ಕಳಿಸಿ. ಹಾಗೆ ಮಾಡುವುದಾದರೆ ಗೆದ್ದವನು ತಾನು ಬರೆದ ದರ ಕೊಡದೆ ಎರಡನೆಯವನು ಬರೆದ ದರ ಕೊಡಲಿ. ವಿಲಿಯಂ ವಿಕ್ರಿ 1961ರಲ್ಲಿ ಈ ಬಗೆಯನ್ನು ವಿವರಿಸಿದರು, 1996ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಅದರ ಗುಣವೆಂದರೆ, ನಿಮ್ಮ ಮನಸ್ಸಿನಲ್ಲಿರುವ ನಿಜವಾದ ಬೆಲೆಯನ್ನು ಬರೆಯುವುದೇ ನಿಮಗೆ ಲಾಭ. ಲೆಕ್ಕಾಚಾರದ ಕಳ್ಳಾಟಕ್ಕೆ ಜಾಗವಿಲ್ಲ.

ಒಟ್ಟಿಗೆ ಕೂರಲು ಸಾಧ್ಯವಿದ್ದರೆ ಮಾತ್ರ ಏರು ಕೂಗೇ ಸರಿ. ಇದರಲ್ಲಿ ನನಗೆ ಎರಡನೆಯ ಮಾತಿಲ್ಲ.

ನಾವು ಎಂಟು ಜನ 2022ರ ವಿಶ್ವಕಪ್‌ಗೆ ಹೀಗೆ ಕೂತಿದ್ದೆವು. ದುಡ್ಡು ಬೇಡವೆಂದು ಮೊದಲೇ ಮಾತಾಗಿತ್ತು. ಒಬ್ಬೊಬ್ಬನ ಮುಂದೆ 200 ಹುಣಸೆಬೀಜ, ಅಳಗುಳಿಮಣೆ ಆಡುವಾಗ ಇಟ್ಟುಕೊಳ್ಳುವ ಹಾಗೆ. ತುಂಬಬೇಕಾದದ್ದು 15 ಜಾಗ. ಒಂದು ಜಾಗಕ್ಕೆ ಕನಿಷ್ಠ ಒಂದು ಬೀಜ ಉಳಿಸಿಕೊಳ್ಳಲೇಬೇಕು, ಆದ್ದರಿಂದ ಮೊದಲ ಕೂಗಿನಲ್ಲಿ ಯಾರೂ 186 ದಾಟುವಂತಿಲ್ಲ. ಎಂಬಾಪೆ ಹೆಸರು ಬಂತು. ನಲವತ್ತರವರೆಗೆ ಆರು ಜನ ಇದ್ದರು. ಐವತ್ತಕ್ಕೆ ಮೂವರು. ಅರವತ್ತೊಂದು ಎಂದು ಒಬ್ಬ ಕೂಗಿದ ಕೂಡಲೇ ಎದುರಿನವನ ಕೈ ತನ್ನ ಬೀಜದ ಗುಡ್ಡೆಯ ಮೇಲೆ ಹೋಯಿತು, ಬೆರಳಲ್ಲಿ ಒಂದಷ್ಟನ್ನು ಪಕ್ಕಕ್ಕೆ ಸರಿಸಿದ, ಮತ್ತೆ ಹಿಂದಕ್ಕೆ ಎಳೆದುಕೊಂಡ. ಬಾಯಿ ತೆರೆಯಲಿಲ್ಲ. ಆ ಬೆರಳಿನ ಚಲನೆಯಲ್ಲಿ ಅವನ ಉಳಿದ ಸಂಜೆಯ ಯೋಜನೆಯೆಲ್ಲ ಕಾಣುತ್ತಿತ್ತು: ಒಬ್ಬ ದೊಡ್ಡವನು ಬೇಡ, ನಾಲ್ಕು ಮಧ್ಯಮದವರು ಬೇಕು. ಎಂಬಾಪೆ ಆ ವಿಶ್ವಕಪ್‌ನಲ್ಲಿ 8 ಗೋಲು ಹೊಡೆದು ಚಿನ್ನದ ಬೂಟು ಗೆದ್ದ. ಅರವತ್ತೊಂದು ಕೊಟ್ಟವನಿಗೆ ಅದು ಸರಿಯಾದ ಬೆಲೆಯೇ. ಆದರೂ ಲೀಗ್ ಗೆದ್ದವನು ಬೀಜವನ್ನು ಹಿಂದಕ್ಕೆ ಎಳೆದುಕೊಂಡವನು.

ಹೊಸಬರು ನೋಡಬೇಕಾದ್ದು ಇಂಥದನ್ನು. ದೊಡ್ಡ ಬೆಲೆ ಬಂದಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ನೀವು ಆಗ ಉಳಿದ ಏಳು ಗುಡ್ಡೆಗಳನ್ನು ನೋಡಿ. ಯಾರಲ್ಲಿ ಹೆಚ್ಚು ಉಳಿದಿದೆಯೋ ಮುಂದಿನ ಒಂದು ಗಂಟೆ ಅವನದು. ಯಾರಿಗೆ ಗೋಲ್‌ಕೀಪರ್ ಇಲ್ಲ, ಯಾರಿಗೆ ಬೇಕಾದಷ್ಟು ಮುಂಪಡೆಯವರು ಸಿಕ್ಕಾಗಿದೆ ಎನ್ನುವುದನ್ನು ಗುರುತಿಟ್ಟುಕೊಳ್ಳಿ. ಚೀಟಿ ಕೂಗುವ ಮನೆಯಲ್ಲಿ ಬೆಳೆದವರಿಗೆ ಇದು ಸಲೀಸು. ಮಗಳ ಮದುವೆ ಹತ್ತಿರ ಬಂದವರು ಎಷ್ಟಕ್ಕಾದರೂ ಕೂಗುತ್ತಾರೆ ಎಂದು ಅಮ್ಮಂದಿರಿಗೆ ಮೊದಲೇ ಗೊತ್ತಿರುತ್ತದೆ. ಅಗತ್ಯವನ್ನು ಓದುವುದೇ ಕಸುಬು.

ಆಮೇಲೆ ಹೆಸರು ಎತ್ತುವ ಸರದಿ. ಇದು ಹರಾಜಿನ ಅತ್ಯಂತ ಸೂಕ್ಷ್ಮ ಜಾಗ, ನೋಡುವವರು ಹೆಚ್ಚಾಗಿ ಗಮನಿಸುವುದೇ ಇಲ್ಲ. ಪಳಗಿದವನು ತನಗೆ ಬೇಕಾದವನ ಹೆಸರನ್ನು ಮೊದಲು ಎತ್ತುವುದಿಲ್ಲ. ತನಗೆ ಬೇಡದ, ಬೇರೆಯವರಿಗೆ ಬಿಡಲಾಗದ ಹೆಸರನ್ನು ಎತ್ತುತ್ತಾನೆ. ಅವರ ಗಂಟು ಕರಗಲಿ ಎಂದು. ಹಾಗೆಯೇ ಬೆಲೆ ಏರಿಸಲೆಂದೇ ಕೂಗುವವರೂ ಇರುತ್ತಾರೆ. ಅದರಲ್ಲಿ ಅಪಾಯವಿದೆ. ಎದುರಿನವನು ಹಠಾತ್ತನೆ ಸುಮ್ಮನಾದರೆ ಬೇಡದ ಹೋರಿ ಕೊರಳಿಗೆ ಬೀಳುತ್ತದೆ. ನನಗೆ ಒಬ್ಬ ಬೆಲ್ಜಿಯಂ ಆಟಗಾರ ಹಾಗೆ 23 ಬೀಜಕ್ಕೆ ಬಿದ್ದ. ಬೆಲ್ಜಿಯಂ ಗುಂಪು ಹಂತದಲ್ಲೇ ಮನೆಗೆ ಹೋಯಿತು.

ಅಭ್ಯಾಸ ಬೇಕೆಂದರೆ ಐಪಿಎಲ್ ಹರಾಜು ಟಿವಿಯಲ್ಲಿ ಬರುತ್ತದೆ, ಕ್ರಿಕೆಟ್ಟಾದರೇನು, ರೂಪ ಅದೇ. 2021ರಲ್ಲಿ ನಮ್ಮ ಕೃಷ್ಣಪ್ಪ ಗೌತಮ್ 20 ಲಕ್ಷದ ಮೂಲಬೆಲೆಯಿಂದ 9.25 ಕೋಟಿಗೆ ಚೆನ್ನೈ ಸೇರಿದರು, ಆ ವರ್ಷ ಒಂದು ಪಂದ್ಯವನ್ನೂ ಆಡಲಿಲ್ಲ. ಬೆಲೆ ಆಟಗಾರನನ್ನು ಮಾತ್ರ ಅಳೆಯುವುದಿಲ್ಲ, ಆ ಕ್ಷಣದಲ್ಲಿ ಎರಡು ಮೂರು ಮೇಜುಗಳಲ್ಲಿದ್ದ ಕೊರತೆಯನ್ನೂ ಅಳೆಯುತ್ತದೆ. 2024ರ ನವೆಂಬರ್‌ನಲ್ಲಿ ಜೆಡ್ಡಾದಲ್ಲಿ ರಿಷಭ್ ಪಂತ್‌ಗೆ ಲಕ್ನೋ 20.75 ಕೋಟಿಗೆ ನಿಂತಿತ್ತು. ಹಳೆಯ ಒಡೆಯ ಡೆಲ್ಲಿ, ಅದೇ ಬೆಲೆಗೆ ಅವರನ್ನು ಉಳಿಸಿಕೊಳ್ಳುವ ತನ್ನ ಹಕ್ಕು ಚಲಾಯಿಸಿತು. ಹೊಸ ನಿಯಮದಂತೆ ಲಕ್ನೋಗೆ ಕೊನೆಯ ಒಂದು ಕೂಗು ಸಿಕ್ಕಿತು, ಅದು ನೇರ 27 ಕೋಟಿಗೆ ಹಾರಿತು, ಡೆಲ್ಲಿ ಕೈಬಿಟ್ಟಿತು. ನಿಯಮದಲ್ಲಿ ಒಂದು ಸಾಲು ಸೇರಿದ್ದಕ್ಕೆ ಬೆಲೆ ಆರೂಕಾಲು ಕೋಟಿ ಏರಿತು. ಅದೇ ಹರಾಜಿನಲ್ಲಿ ಆರ್‌ಸಿಬಿಯ ಅತಿ ದುಬಾರಿ ಖರೀದಿ ಜೋಶ್ ಹೇಜಲ್‌ವುಡ್, 12.5 ಕೋಟಿ. ಮೊದಲ ಸುತ್ತಿನಲ್ಲಿ ಯಾರೂ ಕೂಗದೆ ಉಳಿದಿದ್ದ ದೇವದತ್ತ ಪಡಿಕ್ಕಲ್ ಆಮೇಲೆ 2 ಕೋಟಿಗೆ ಬಂದರು. ಆ ರಾತ್ರಿ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಆರ್‌ಸಿಬಿಯನ್ನು ಬೈದದ್ದಿದೆ. 2025ರಲ್ಲಿ ಕಪ್ ಗೆದ್ದದ್ದು ಅದೇ ತಂಡ.

ನಿಮ್ಮ ಲೀಗಿಗೆ ಹಳೆಯ ಒಡೆಯನ ಹಕ್ಕು ಬೇಕೇ? ಮೊದಲ ವರ್ಷ ಬೇಡ. ಎರಡು ಮೂರು ವರ್ಷ ಅದೇ ಜನ ಕೂತು ಆಡಿದ ಮೇಲೆ, ಕಡಿಮೆಗೆ ಸಿಕ್ಕವನನ್ನು ಉಳಿಸಿಕೊಳ್ಳುವ ಆಸೆ ತಾನಾಗಿ ಹುಟ್ಟುತ್ತದೆ. ಆಗ ಸೇರಿಸಿಕೊಳ್ಳಿ. ಸಮಬೆಲೆಗೆ ನಿಂತುಬಿಟ್ಟರೆ ಏನು ಮಾಡುವುದೆಂದು ಮಾತ್ರ ಮೊದಲೇ ಬರೆದಿಡಿ. 2010ರ ಐಪಿಎಲ್ ಹರಾಜಿನಲ್ಲಿ ಪೊಲಾರ್ಡ್‌ಗಾಗಿ ನಾಲ್ಕು ತಂಡಗಳು ಗರಿಷ್ಠ ಮಿತಿಯಾದ 7.5 ಲಕ್ಷ ಡಾಲರ್‌ಗೆ ಬಂದು ನಿಂತಾಗ, ಗುಟ್ಟಿನ ಚೀಟಿ ಬರೆಸಿ ಮುಂಬೈಗೆ ಕೊಟ್ಟರು. ಬೀಜದ ಆಟಕ್ಕೂ ಆ ಉಪಾಯ ಒಗ್ಗುತ್ತದೆ.

ಹಣದ ವಿಷಯ ಖಂಡಿತವಾಗಿ ಹೇಳುತ್ತೇನೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಕಾಯಿದೆ ಇಲ್ಲದಿದ್ದರೂ ನಾನು ಬೇಡವೆಂದೇ ಹೇಳುತ್ತಿದ್ದೆ. ಜೇಬಿನ ದುಡ್ಡು ಬಂದ ಕೂಡಲೇ ಮನುಷ್ಯ ಎದುರಿನವನ ಗಂಟು ನೋಡುವುದನ್ನು ಬಿಟ್ಟು ತನ್ನದನ್ನೇ ನೋಡಿಕೊಳ್ಳುತ್ತಾನೆ. ಹರಾಜಿನ ಸೊಗಸು ಅಲ್ಲಿಗೆ ಮುಗಿಯಿತು.

ಕೊನೆಗೆ ಹೊತ್ತಿನ ಲೆಕ್ಕ. ಎಂಟು ಜನ, 15 ಜಾಗ ಅಂದರೆ 120 ಆಟಗಾರರು. ಒಬ್ಬರಿಗೆ ಒಂದು ನಿಮಿಷ ಹಿಡಿದರೂ ಎರಡು ಗಂಟೆ, ಕಾಫಿ ಬೇರೆ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಶುರುಮಾಡಿ. ಕೂಗುವ ಕೆಲಸವನ್ನು ಆಟದಲ್ಲಿ ಇಲ್ಲದ ಒಬ್ಬರಿಗೆ ವಹಿಸಿ. ಬೀಜ 1,600 ಬೇಕು, ಹಿಂದಿನ ರಾತ್ರಿಯೇ ಎಣಿಸಿಡಿ.